ಬಿಷಪ್ ಹ್ಯೂ ಮತ್ತು ನನ್ನ ಭಾವ

ಸೆಪ್ಟೆಂಬರ್ 8, 2017, ಶುಕ್ರವಾರ
ಮಿರ್ದಿಫ್, ದುಬೈ

ಇವತ್ತಿನಿಂದ ನಾನು ಬಿಷಪ್. ಬ್ರಹ್ಮಾವರದ ಗುಣಪಾಲ, ಅಲ್ ಕೂಝ್‌ನ ಟೈಲ್ಸ್ ಗೋಡೌನಿನ ಸ್ಟೋರ್ ಇನ್‌ಚಾರ್ಜ್, ಎಂಟುನೂರು ವರ್ಷದ ಹಿಂದಿನ ಇಂಗ್ಲೆಂಡಿನಲ್ಲಿ ಲಿಂಕನ್ ಎಂಬ ಊರಿನ ಬಿಷಪ್. ಬರೆಯುವಾಗಲೇ ನಗು ಬರುತ್ತಿದೆ.

ಕರಾಮದಲ್ಲಿ ಅಲಿಕುಂಞಿ ಕಾಕನ ಹೋಟೆಲಿನ ಹಿಂದಿನ ಕೋಣೆಯಲ್ಲಿ ನಮ್ಮ ತಾಳಮದ್ದಳೆ ಸಂಘದ ಮೀಟಿಂಗ್ ಇತ್ತು. ಕಾಕ ನಮ್ಮ ಭಾಗವತರು. ಉಳ್ಳಾಲದ ಬ್ಯಾರಿ ಮುಸ್ಲಿಮರು, ಸಣ್ಣವರಿದ್ದಾಗ ಯಕ್ಷಗಾನ ನೋಡಲು ಬೇಲಿ ಹಾರುತ್ತಿದ್ದರಂತೆ. ಈಗ ಇಡೀ ದುಬೈಯಲ್ಲಿ ಅವರಷ್ಟು ಪದ ಬಾಯಿಗೆ ಬರುವವರು ಇನ್ನೊಬ್ಬರಿಲ್ಲ. ಅಲ್ಲಿಗೆ ಊದ್ ಮೇಥಾದ ಚರ್ಚಿನ ಕಡೆಯಿಂದ ರೊಸಲಿನ್ ಬಾಯಿ (ಕೊಂಕಣಿಯಲ್ಲಿ ಬಾಯಿ ಅಂದರೆ ಅಕ್ಕ) ಬಂದಿದ್ದರು. ಮಕ್ಕಳ ವಾರ್ಡಿನ ನರ್ಸ್, ಮಂಗಳೂರಿನವರು.

"ನವೆಂಬರ್ ಹದಿನೇಳು ಲಿಂಕನ್ನಿನ ಬಿಷಪ್ ಸಂತ ಹ್ಯೂ ಅವರ ದಿನ" ಅಂದರು. "ಕಾಯಿಲೆ ಬಿದ್ದ ಮಕ್ಕಳನ್ನು ಕಾಯುವ ಸಂತ. ನಾನು ಡ್ಯೂಟಿಗೆ ಹೋಗುವಾಗ ದಿನಾ ಅವರಲ್ಲಿ ಬೇಡಿಕೊಳ್ಳುವುದು. ಆದರೆ ನಮ್ಮವರಲ್ಲಿ ಅವರ ಹೆಸರು ಯಾರಿಗೂ ಗೊತ್ತಿಲ್ಲ. ನಾಟಕ ಬೇಡ ನನಗೆ. ನಿಮ್ಮದು ಕೂತು ಮಾತಾಡುವುದು ಉಂಟಲ್ಲ, ಅದು ಬೇಕು."

ಹೌದು, ನಮ್ಮದು ಕೂತು ಮಾತಾಡುವುದು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ನಾವು ಪಾತ್ರವಾಗಿ ಆ ಕ್ಷಣಕ್ಕೆ ಹೊಳೆದದ್ದನ್ನು ಆಡುತ್ತೇವೆ. ಯಾರ ಮಾತು ನಿಲ್ಲುತ್ತದೋ ಅವರು ಸೋತ ಹಾಗೆ.

ಹ್ಯೂಗೆ ಎದುರಾಗಿ ವಾದ ಮಾಡುವ ಇಂಗ್ಲೆಂಡಿನ ರಿಚರ್ಡ್ ರಾಜನ ಪಾತ್ರ ಯಾರದು ಎಂದು ಕೇಳಿದೆ. ಕಾಕ ಜಾಗಟೆ ಒರೆಸುತ್ತ, "ನಿಮ್ಮ ಭಾವ" ಅಂದರು. "ಬೇಡ ಅಂದ್ರೆ ಈಗಲೇ ಹೇಳಿ ಮಾರಾಯ್ರೆ. ಅವರತ್ರ ಕೇಳಿ ಆಗಿದೆ. ಹೂಂ ಅಂದಿದ್ದಾರೆ."

ನಾನೂ ಹೂಂ ಅಂದೆ. ಬೇಡ ಅನ್ನಲು ನನಗೇನು ತಲೆ ಕೆಟ್ಟಿದೆಯೆ? ಎರಡು ವರ್ಷದಿಂದ ಕಾಯುತ್ತಿದ್ದ ಅವಕಾಶ.

ಸೆಪ್ಟೆಂಬರ್ 9

ಭಾವನ ಜೊತೆಗಿನ ಆ ಜಗಳವನ್ನು ಒಮ್ಮೆ ಸರಿಯಾಗಿ ಬರೆದಿಡಬೇಕು. ಯಾಕೆಂದರೆ ನನ್ನ ಹೆಂಡತಿ ಶರ್ಮಿಳಾ ಅದನ್ನು ಪ್ರತಿ ಸಲ ಬೇರೆಯೇ ಥರ ಹೇಳುತ್ತಾಳೆ.

2013ರಲ್ಲಿ ನನ್ನ ಮೊದಲಿನ ಕಂಪೆನಿ ಮುಚ್ಚಿತು. ಹೆಂಡತಿ, ಮಗಳನ್ನು ಊರಿಗೆ ಕಳಿಸಿ ನಾನು ಅಲ್ ಐನ್‌ನಲ್ಲಿ ಹರಿಣಾಕ್ಷಿ ಅಕ್ಕನ ಮನೆಯಲ್ಲಿ ಆರು ತಿಂಗಳು ಇದ್ದೆ. ಅಕ್ಕನ ಗಂಡ ಪೃಥ್ವಿರಾಜ್ ಭಾವ ಆಗ ಒಂದು ಮಾತೂ ಆಡಲಿಲ್ಲ, ಅದನ್ನು ಒಪ್ಪುತ್ತೇನೆ. ಆಡಿದ್ದು 2015ರಲ್ಲಿ, ನಾನೂರು ಜನರ ಎದುರು. ಕೃಷ್ಣ ಸಂಧಾನ. ನಾನು ಕೃಷ್ಣ, ಅವರು ಕೌರವ. "ಕಂಡವರ ಮನೆಯ ಅನ್ನದಲ್ಲಿ ಬೆಳೆದವನು ನೀನು" ಅಂದರು. ಅದು ಕೌರವನ ಮಾತು, ತೊಂದರೆಯಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಅದೂ ವೀಸಾ ಇಲ್ಲದೆ, ಆರು ತಿಂಗಳು" ಎಂದು ಸೇರಿಸಿದರು. ಅಬುಧಾಬಿಯಿಂದ ಶಾರ್ಜಾದವರೆಗಿನ ಎಲ್ಲ ಪರಿಚಯದವರೂ ನನ್ನನ್ನೇ ನೋಡಿ ನಕ್ಕರು. ನಾನು ಶಾಲು ತೆಗೆದಿಟ್ಟು ಎದ್ದು ಬಂದೆ.

ಶರ್ಮಿಳಾಳ ಪ್ರಕಾರ, "ನೀವು ಎದ್ದು ಹೋದ ಮೇಲೆ ಭಾವ ಅಷ್ಟು ಜನರ ಮುಂದೆ ಒಬ್ಬರೇ ಕೂತಿದ್ದರು, ಪಾಪ." ಅದು ಬೇರೆ ವಿಷಯ.

ಅಂದಿನಿಂದ ನಾನು ಅಕ್ಕನ ಮನೆಯ ಮೆಟ್ಟಿಲು ಹತ್ತಿಲ್ಲ. ಅವರೂ ಇಲ್ಲಿಗೆ ಬಂದಿಲ್ಲ. ಅಕ್ಕ ಮಾತ್ರ ಫೋನ್ ಮಾಡುತ್ತಾಳೆ.

ಸೆಪ್ಟೆಂಬರ್ 14

ಈ ಹ್ಯೂ ಎಂಥ ಆಸಾಮಿ! ಮಗಳು ದೀಪ್ತಿ ಶಾಲೆಯ ಲೈಬ್ರರಿಯಿಂದ ಪುಸ್ತಕ ತಂದಳು. "ಡ್ಯಾಡ್, ಹಿ ಹ್ಯಾಡ್ ಅ ಪೆಟ್ ಸ್ವಾನ್" ಎಂದು ಕೊಟ್ಟು ಹೋದಳು. ಹಂಸ ಸಾಕಿದ್ದು ನಿಜವೇ. ಬೇರೆಯವರನ್ನು ಹತ್ತಿರ ಬರಗೊಡದ ಹಂಸ ಇವನ ತೋಳಿನೊಳಗೆ ತಲೆ ತೂರಿಸುತ್ತಿತ್ತಂತೆ. ಆದರೆ ಹಂಸಕ್ಕಿಂತ ದೊಡ್ಡ ಸಂಗತಿಗಳಿವೆ.

ಹುಟ್ಟಿದ್ದು ಫ್ರಾನ್ಸ್ ಕಡೆ, ಅವಲಾನ್ ಎಂಬಲ್ಲಿ, ದೊಡ್ಡ ಮನೆತನ. ಬೆಟ್ಟದ ಮೇಲಿನ ಮೌನದ ಮಠದಲ್ಲಿ ಸನ್ಯಾಸಿ. ಮಾತೇ ಆಡದ ಮಠ. ನಾನಾಗಿದ್ದರೆ ಮೂರನೇ ದಿನ ಓಡಿ ಬರುತ್ತಿದ್ದೆ. ಅಲ್ಲಿಂದ ಇಂಗ್ಲೆಂಡಿನ ಹೆನ್ರಿ ರಾಜ, ರಿಚರ್ಡನ ಅಪ್ಪ, ಇವನನ್ನು ಕರೆಸುತ್ತಾನೆ, ವಿಥಮ್ ಎಂಬಲ್ಲಿ ಮಠ ಕಟ್ಟು ಎಂದು. ಇವನು ಹೋಗಿ ನೋಡಿದರೆ ಆ ಜಾಗದಲ್ಲಿ ರೈತರ ಮನೆಗಳು. ಅವರನ್ನು ಎಬ್ಬಿಸಬೇಕು. "ಅವರಿಗೆಲ್ಲ ನ್ಯಾಯವಾಗಿ ಕೊಡಬೇಕಾದದ್ದನ್ನು ಕೊಟ್ಟು ಮುಗಿಸು, ಆಮೇಲೆ ನಿನ್ನ ಮಠ" ಎಂದ ಇವನು, ರಾಜನಿಗೇ.

ಇದನ್ನು ಓದಿ ಗೋಡೌನಿನಲ್ಲಿ ಕುರ್ಚಿಯಿಂದ ಎದ್ದು ನಿಂತೆ. ಫೋರ್ಕ್‌ಲಿಫ್ಟ್‌ನ ಕಾಸಿಂ, "ಎಂತ ಆಯ್ತು ಸಾರ್?" ಅಂದ. ಕತೆ ಹೇಳಿದೆ. "ಒಳ್ಳೆ ಮನುಷ್ಯ" ಅಂದ.

ಸೆಪ್ಟೆಂಬರ್ 22

ಲಿಂಕನ್ನಿನ ದೊಡ್ಡ ಚರ್ಚು ಭೂಕಂಪಕ್ಕೆ ಬಿದ್ದಿತ್ತು. ಬಿಷಪ್ ಆದ ಮೇಲೆ ಇವನು ಅದನ್ನು ಕಟ್ಟಿಸಲು ಹೊರಟ, ಕೂಲಿಗಳ ಜೊತೆ ತಾನೂ ಕಲ್ಲು ಹೊತ್ತ. ದಾರಿಯಲ್ಲಿ ಅನಾಥ ಹೆಣ ಕಂಡರೆ ಕುದುರೆಯಿಂದ ಇಳಿದು ಮಣ್ಣು ಮಾಡಿಯೇ ಮುಂದೆ ಹೋಗುವುದು, ಅಲ್ಲಿ ರಾಜ ಊಟಕ್ಕೆ ಕಾದು ಕೂತಿದ್ದರೂ. ಕುಷ್ಠ ರೋಗಿಗಳ ಮುಖಕ್ಕೆ ಮುತ್ತು ಕೊಡುತ್ತಿದ್ದ. ಒಬ್ಬ ಪಂಡಿತ ಕೆಣಕಿದ: "ಹಿಂದೆ ಒಬ್ಬ ಸಂತರು ಮುತ್ತು ಕೊಟ್ಟಾಗ ರೋಗ ವಾಸಿಯಾಗಿತ್ತು. ನೀವು ಕೊಟ್ಟರೆ ಏನೂ ಆಗುವುದಿಲ್ಲವಲ್ಲ?" ಅದಕ್ಕೆ ಹ್ಯೂ, "ಅವರ ಮುತ್ತಿನಿಂದ ರೋಗಿಯ ಮೈ ವಾಸಿಯಾಯಿತು. ಇಲ್ಲಿ ರೋಗಿಯ ಮುತ್ತಿನಿಂದ ನನ್ನ ಆತ್ಮ ವಾಸಿಯಾಯಿತು" ಎಂದ.

ಆಹಾ. ಇಂಥ ಉತ್ತರ ಬಾಯಿಗೆ ಬರಬೇಕಾದರೆ ಎಷ್ಟು ಜನ್ಮ ಬೇಕು. ಶರ್ಮಿಳಾಳಿಗೆ ಅಡುಗೆಮನೆಗೇ ಹೋಗಿ ಓದಿ ಹೇಳಿದೆ. ಅವಳು ಬಂಗುಡೆ ಮೀನು ಕಾಯಿಸುವುದನ್ನು ನಿಲ್ಲಿಸಿ ಕೇಳಿದಳು. ಕೇಳಿ, "ನೀವು ಅವರ ಪಾತ್ರ ಮಾಡುವುದಾ?" ಅಂದಳು. ಆ ಧ್ವನಿ ನನಗೆ ಸರಿ ಕಾಣಲಿಲ್ಲ.

ಅಕ್ಟೋಬರ್ 3

ಅಕ್ಕನ ಫೋನ್. ಭಾವನ ಕೆಲಸ ಹೋಗಿದೆ. ಅವರು ಎಸ್ಟಿಮೇಟರ್ ಆಗಿ ಕಟ್ಟಡದ ಖರ್ಚಿನ ಲೆಕ್ಕ ಹಾಕುತ್ತಿದ್ದ ಕಂಪೆನಿಗೆ ಹೊಸ ಪ್ರಾಜೆಕ್ಟ್ ಇಲ್ಲವಂತೆ. ಹೋಗಿ ಇಪ್ಪತ್ತು ದಿನವಾಯಿತು. ಅಕ್ಕಪಕ್ಕದವರಿಗೆ ಗೊತ್ತಾಗಬಾರದೆಂದು ಈಗಲೂ ಬೆಳಿಗ್ಗೆ ಟೈ ಕಟ್ಟಿಕೊಂಡು, ಬುತ್ತಿ ಹಿಡಿದು ಹೊರಡುತ್ತಾರಂತೆ. ಸಂಜೆ ಬರುತ್ತಾರಂತೆ.

"ಆರೆಡ ಪನಡ, ಗುಣ" ಎಂದಳು ಅಕ್ಕ ತುಳುವಿನಲ್ಲಿ. ನಿನಗೆ ಗೊತ್ತಾದದ್ದನ್ನು ಭಾವನತ್ರ ಹೇಳಬೇಡ ಎಂದು ಅತ್ತಳು. ಇಲ್ಲ, ಹೇಳುವುದಿಲ್ಲ ಎಂದೆ. ಅಕ್ಕ ಅತ್ತದ್ದು ನನಗೆ ಬೇಸರವೇ.

ಆದರೆ ನಿಜ ಬರೆಯಬೇಕು. ಫೋನ್ ಇಟ್ಟ ಕೂಡಲೇ ಮೈಯೆಲ್ಲ ಚುರುಕಾಯಿತು. ಅವರು ಕೂತ ಜಾಗ ಈಗ ಯಾವುದು? ನಾನು ಕೂತಿದ್ದ ಜಾಗವೇ.

ಅಕ್ಟೋಬರ್ 6

ಮಾತು ಸಿಕ್ಕಿತು! ಮಿರ್ದಿಫ್‌ನ ಪಾರ್ಕಿನಲ್ಲಿ ನಡೆಯುವಾಗ, ತಲೆಯ ಮೇಲೆ ವಿಮಾನ ಹೋಗುವಾಗ ಹೊಳೆಯಿತು:

"ಎಲೈ ದೊರೆ, ಸಿಂಹಾಸನ ಹೋದ ಮೇಲೂ ಕಿರೀಟ ಇಟ್ಟುಕೊಂಡು ಮುಂಜಾನೆ ಮನೆಯಿಂದ ಹೊರಡುವ ರಾಜರು ಉಂಟೆಂದು ಕೇಳಿದ್ದೇನೆ. ನೀನು ಅವರ ಪೈಕಿಯೋ?"

ಸಭೆಗೆ ಇದು ಬಿಷಪ್ಪನ ಮಾತು. ಅರ್ಥವಾಗುವುದು ಒಬ್ಬರಿಗೇ. ಅಕ್ಕನಿಗೆ ಕೊಟ್ಟ ಮಾತೂ ತಪ್ಪಿದಂತಲ್ಲ, ಯಾಕೆಂದರೆ ಹೇಳುವುದು ನಾನಲ್ಲ, ಹ್ಯೂ. ಭಾವ ಅಲ್ಲೇ ನಿಲ್ಲಬೇಕು, ನಾಲಗೆ ಏಳಬಾರದು.

ಕಾರಿನಲ್ಲಿ ಹತ್ತು ಸಲ ಹೇಳಿ ನೋಡಿದೆ. "ಮುಂಜಾನೆ" ಎಂಬಲ್ಲಿ ಸ್ವಲ್ಪ ನಿಲ್ಲಿಸಿದರೆ ಚೆನ್ನಾಗಿ ಕೂರುತ್ತದೆ.

ಅಕ್ಟೋಬರ್ 13

ಕಾಕನ ಹೋಟೆಲಿನಲ್ಲಿ ಕತೆಯ ನಡೆ ಗೊತ್ತು ಮಾಡಿಕೊಂಡೆವು. ಭಾವ ಬರಲಿಲ್ಲ, ಫೋನಿನಲ್ಲಿ ಕೇಳಿಕೊಂಡರಂತೆ. ನಮ್ಮಲ್ಲಿ ರಿಹರ್ಸಲ್ ಇಲ್ಲ, ಒಳ್ಳೆಯದೇ.

ಮುಖ್ಯ ಘಟ್ಟ ಹೀಗೆ: ರಿಚರ್ಡ್ ರಾಜ ಸಮುದ್ರದಾಚೆ ಯುದ್ಧದಲ್ಲಿದ್ದಾನೆ. ಅದಕ್ಕೆ ಸವಾರರನ್ನು ಕಳಿಸು ಎಂದರೆ ಹ್ಯೂ ಕಳಿಸುವುದಿಲ್ಲ. ಈ ಮಣ್ಣಿನ ಕಾವಲಿಗಾದರೆ ಸರಿ, ಕಡಲಾಚೆಗೆ ಇಲ್ಲ. ರಾಜ ಕೆಂಡವಾಗುತ್ತಾನೆ. ಹ್ಯೂ ಕಡಲು ದಾಟಿ ಅವನಿದ್ದಲ್ಲಿಗೇ ಹೋಗುತ್ತಾನೆ. ರಾಜ ಪ್ರಾರ್ಥನೆಯಲ್ಲಿ ಕೂತಿದ್ದಾನೆ, ಇವನನ್ನು ಕಂಡು ಮುಖ ತಿರುಗಿಸುತ್ತಾನೆ. ಹ್ಯೂ ಹತ್ತಿರ ಹೋಗಿ, "ದೊರೆ, ನನಗೆ ಮುತ್ತು ಕೊಡು" ಅನ್ನುತ್ತಾನೆ. ಆ ಕಾಲದಲ್ಲಿ ಸಮಾಧಾನದ ಗುರುತು ಅದು. ರಾಜ ಇನ್ನೂ ಆಚೆ ತಿರುಗುತ್ತಾನೆ. ಇವನು ರಾಜನ ಅಂಗಿಯನ್ನೇ ಹಿಡಿದು ಕುಲುಕುತ್ತಾನೆ: "ಕೊಡಲೇಬೇಕು, ಅಷ್ಟು ದೂರದಿಂದ ಬಂದಿದ್ದೇನೆ." ಕೊನೆಗೆ ರಾಜ ನಕ್ಕು ಮುತ್ತು ಕೊಡುತ್ತಾನೆ.

"ಮುತ್ತು ಹೇಗೆ ಮಾಡ್ತೀರಿ?" ಎಂದು ರೊಸಲಿನ್ ಬಾಯಿ ಕೇಳಿದರು.

"ಮಾತಲ್ಲೇ" ಅಂದೆ. "ತಾಳಮದ್ದಳೆಯಲ್ಲಿ ಕೂತಲ್ಲಿಂದ ಏಳುವ ಕ್ರಮ ಇಲ್ಲ."

"ಅದಕ್ಕೆ ನಾನೊಂದು ಪದ ಬರ್ದಿದ್ದೇನೆ" ಅಂದರು ಕಾಕ. ಹಾಡಿ ತೋರಿಸಿದರು. ರೊಸಲಿನ್ ಬಾಯಿ ಕಣ್ಣೊರೆಸಿಕೊಂಡರು. ನಾನು ನನ್ನ ಮಾತನ್ನು ಎಲ್ಲಿ ಸೇರಿಸುವುದೆಂದು ಯೋಚಿಸುತ್ತಿದ್ದೆ. ರಾಜ ಮುಖ ತಿರುಗಿಸಿದ ಕೂಡಲೇ. ಅದೇ ಜಾಗ.

ಅಕ್ಟೋಬರ್ 20

ದೀಪಾವಳಿಯ ತಿಂಡಿ ತಿಂದು ಹೊಟ್ಟೆ ಕೆಟ್ಟಿದೆ. ಅದಿರಲಿ.

ಹೆನ್ರಿ ರಾಜನಿಗೂ ಹ್ಯೂ ಮೇಲೆ ಒಮ್ಮೆ ಸಿಟ್ಟು ಬಂದಿತ್ತು. ಕಾಡಿನಲ್ಲಿ ದರ್ಬಾರು ಹೂಡಿ, ಇವನು ಬಂದರೆ ಯಾರೂ ಮಾತಾಡಬಾರದೆಂದು ಅಪ್ಪಣೆ ಮಾಡಿದ್ದ. ಇವನು ಬಂದು, ರಾಜನ ಪಕ್ಕ ಕೂತಿದ್ದವನನ್ನು ಸರಿಸಿ, ಅಲ್ಲೇ ಕೂತ. ಎಲ್ಲರೂ ಗಪ್‌ಚಿಪ್. ರಾಜ ಬೇರೆ ದಾರಿ ಕಾಣದೆ ಸೂಜಿ ದಾರ ತರಿಸಿ ತನ್ನ ಬೆರಳಿನ ಪಟ್ಟಿ ಹೊಲಿಯತೊಡಗಿದ. ಹ್ಯೂ ನೋಡಿ ನೋಡಿ, "ಈಗ ನೀನು ಫಲೇಸಿನ ನಿನ್ನ ನೆಂಟರ ಹಾಗೇ ಕಾಣುತ್ತೀ" ಅಂದ. ಫಲೇಸಿನ ನೆಂಟರೆಂದರೆ ರಾಜನ ಮುತ್ತಜ್ಜನ ತಾಯಿಯ ಕಡೆಯವರು, ಚರ್ಮ ಹದ ಮಾಡಿ ಹೊಲಿಯುವವರು. ಯಾರೂ ಎತ್ತಬಾರದ ವಿಷಯ. ಕತ್ತಿ ಹೊರಗೆ ಬರಬೇಕಿತ್ತು. ರಾಜ ನೆಲದಲ್ಲಿ ಹೊರಳಾಡಿ ನಕ್ಕ.

ಇದೊಂದು ನನಗೆ ಅರ್ಥವಾಗುತ್ತಿಲ್ಲ. ಅದೂ ಮನೆಯ ವಿಷಯವೇ, ಭಾವ ಆಡಿದಂಥದ್ದೇ. ಅವನು ಹೇಗೆ ನಕ್ಕ? ಹೇಳಿದವನು ಪಕ್ಕದಲ್ಲಿ ಒತ್ತಿ ಕೂತಿದ್ದ, ಅದಕ್ಕಿರಬಹುದು. ನನ್ನ ಮಾತಿಗೆ ಇದರಿಂದೇನೂ ಬಾಧಕವಿಲ್ಲ.

ಅಕ್ಟೋಬರ್ 26, ಗುರುವಾರ

ಟೈಲ್ಸ್ ಡೆಲಿವರಿಯ ತಕರಾರಿಗೆ ಅಲ್ ಐನ್‌ಗೆ ಹೋಗಬೇಕಾಯಿತು. ಸೈಟಿನ ಹತ್ತಿರ ಒಂದು ಪಾರ್ಕ್. ಸಿಗ್ನಲ್‌ನಲ್ಲಿ ಕಾರು ನಿಂತಾಗ ನೋಡಿದೆ. ಗಾಫ್ ಮರದ ಕೆಳಗಿನ ಬೆಂಚಿನಲ್ಲಿ ಭಾವ.

ಟೈ ಕಟ್ಟಿದ್ದರು. ಬುತ್ತಿ ಪಕ್ಕದಲ್ಲಿತ್ತು. ಒಬ್ಬರೇ ತುಟಿ ಅಲ್ಲಾಡಿಸುತ್ತ, ಕೈ ಎತ್ತಿ ಏನೋ ಹೇಳುತ್ತಿದ್ದರು. ಮೊದಲು ಹೆದರಿದೆ. ಆಮೇಲೆ ಗೊತ್ತಾಯಿತು, ರಿಚರ್ಡ್ ರಾಜನ ಮಾತುಗಳನ್ನು ಆಡಿ ನೋಡುತ್ತಿದ್ದಾರೆ.

ಹಿಂದಿನವನು ಹಾರ್ನ್ ಹೊಡೆದ. ಬಂದೆ.

ಅಕ್ಟೋಬರ್ 27

ಏನೂ ಓದಲಿಲ್ಲ.

ನವೆಂಬರ್ 5

ಆಫೀಸಿನಲ್ಲಿ ಮ್ಯಾನೇಜರ್ ಹತ್ತಿರ ಹಾಗೇ ಸುಮ್ಮನೆ ಕೇಳಿದೆ, ಎಸ್ಟಿಮೇಟರ್ ಯಾರಾದರೂ ಬೇಕೇ ಎಂದು. ಜನವರಿಯಿಂದ ಬೇಕಾಗಬಹುದು, ಅನುಭವ ಇದ್ದವರಿದ್ದರೆ ಹೇಳು ಅಂದರು. ಕಂಪೆನಿಗೆ ಒಳ್ಳೆ ಜನ ಸಿಗಬೇಕು, ಅಷ್ಟೇ.

ಮಾತನ್ನು ಸ್ವಲ್ಪ ತಿದ್ದಿದೆ. "ಮುಂಜಾನೆ ಮನೆಯಿಂದ ಹೊರಡುವ" ಎಂಬುದು ಉದ್ದವಾಯಿತು, ತೆಗೆದೆ. ತೆಗೆದರೆ ಮೊನೆ ಹೋಗುತ್ತದೆ. ಮತ್ತೆ ಸೇರಿಸಿದೆ.

ನವೆಂಬರ್ 12

ಹ್ಯೂ ಕೊನೆಗಾಲದಲ್ಲಿ ನೆಲದ ಮೇಲೆ ಶಿಲುಬೆಯಾಕಾರದಲ್ಲಿ ಬೂದಿ ಹರಡಿಸಿ, ಅದರ ಮೇಲೆ ಮಲಗಿ ಪ್ರಾಣ ಬಿಟ್ಟನಂತೆ. ಹೆಣ ಹೊರಲು ರಾಜರು ಹೆಗಲು ಕೊಟ್ಟರಂತೆ. ಐದೇ ದಿನ ಉಳಿದಿದೆ. ಗೋಡೌನಿನಲ್ಲಿ ತಪ್ಪು ಲಾರಿಗೆ ತಪ್ಪು ಟೈಲ್ಸ್ ಹತ್ತಿಸಿದೆ. ಕಾಸಿಂ ನೋಡಿ ಇಳಿಸಿದ.

ಶರ್ಮಿಳಾ ಕೇಳಿದಳು, "ಭಾವನಿಗೆ ಎಂತಾದರೂ ಹೇಳ್ಲಿಕ್ಕೆ ಯೋಚನೆ ಮಾಡಿದ್ದೀರಾ ಸ್ಟೇಜಿನಲ್ಲಿ?"

"ಇಲ್ಲ" ಅಂದೆ.

"ನಿಮ್ಮ ಮುಖದಲ್ಲಿ ಕಾಣ್ತದೆ" ಅಂದಳು. "ಅಕ್ಕ ಎದುರೇ ಕೂತಿರ್ತಾರೆ, ನೆನಪಿರಲಿ."

ನವೆಂಬರ್ 17, ಶುಕ್ರವಾರ

ಮುಗಿಯಿತು. ಎಲ್ಲವನ್ನೂ ಬರೆಯಬೇಕು.

ಊದ್ ಮೇಥಾದ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ರೊಸಲಿನ್ ಬಾಯಿಯ ವಾರ್ಡಿನಿಂದ ಗುಣವಾಗಿ ಮನೆಗೆ ಹೋದ ಕೆಲವು ಮಕ್ಕಳು, ಅವರ ಹಿಂದೆ ಶರ್ಮಿಳಾ, ಅವಳ ಪಕ್ಕದಲ್ಲಿ ಅಕ್ಕ. ಭಾವ ಮೊದಲೇ ಬಂದು ಕೂತಿದ್ದರು. ಬಿಳಿ ಜುಬ್ಬ, ಜರಿಯ ಶಾಲು. ಸಣಕಲಾಗಿದ್ದಾರೆ. ನನ್ನ ಕಡೆ ನೋಡಲಿಲ್ಲ.

ಕಾಕ ಪದ ಎತ್ತಿದರು. ಮೊದಲ ಮಾತು ರಾಜನದ್ದು. ಅಬ್ಬ, ಭಾವ ಸುರುಮಾಡಿದ್ದು ಕೇಳಬೇಕಿತ್ತು. "ಆಳುವುದು ಒಂದು ನೆಲ, ಬದುಕುವುದು ಇನ್ನೊಂದು ನೆಲ. ವರ್ಷಗಟ್ಟಲೆ ಹೊರಗೇ ಕಾದಾಡಿ, ಊರಿಗೆ ಹೋದರೆ ನೆಂಟನ ಹಾಗೆ ನಾಲ್ಕು ದಿನ ಇದ್ದು ಬರುವವನ ಸಂಕಟ ನಿಮಗೇನು ಗೊತ್ತು ಬಿಷಪ್ಪರೇ?" ಗಲ್ಫಿನ ಸಭೆಗೆ ಇನ್ನೇನು ಬೇಕು? ಚಪ್ಪಾಳೆ ನಿಲ್ಲಲಿಲ್ಲ. ನಾನೂ ಬಿಡಲಿಲ್ಲ. "ದೊರೆ, ನೀನು ದೂರ ಇದ್ದೀ ಎಂದೇ ನಾನು ಇಲ್ಲಿ ಇರಬೇಕಾಗಿದೆ. ನಿನ್ನ ಮನೆ ಕಾಯುವವರನ್ನು ನೀನೇ ಕರೆದುಕೊಂಡು ಹೋದರೆ, ನೀನು ಮರಳುವುದು ಎಲ್ಲಿಗೆ?" ಅವರು ಒಂದೆಂದರೆ ನಾನು ಎರಡೆಂದೆ. ಒಂದು ಕಡೆ ನನ್ನ ಮಾತಿಗೆ ಅವರು, ಪಾತ್ರ ಬಿಟ್ಟು, "ಹಾ" ಎಂದು ತಲೆದೂಗಿದರು. ಎರಡು ವರ್ಷದಿಂದ ಹೀಗೆ ಮಾತಾಡಲು ನನಗೆ ಯಾರೂ ಸಿಕ್ಕಿರಲಿಲ್ಲ. ಸುಖವಾಯಿತು, ಸುಳ್ಳು ಯಾಕೆ.

ಆಮೇಲೆ ಆ ಘಟ್ಟ. ಕಾಕ ತಮ್ಮ ಪದ ಹಾಡಿದರು. ಭಾವ ಮುಖ ತಿರುಗಿಸಿ ಗೋಡೆ ನೋಡಿದರು. ನಾನು ಹೇಳಿದೆ, "ದೊರೆ, ಮುತ್ತು ಕೊಡು."

ಅವರು ಇನ್ನೂ ತಿರುಗಿದರು. ಪಾರ್ಕಿನಲ್ಲಿ ಕಂಡ ಹಾಗೆಯೇ ಬೆನ್ನು.

ನಾನು ಎದ್ದೆ. ಯಾಕೆ ಎದ್ದೆನೆಂದು ಈಗಲೂ ಗೊತ್ತಿಲ್ಲ. ಕಾಕನ ಜಾಗಟೆ ನಿಂತಿತು. ಹೋಗಿ ಭಾವನ ಪಕ್ಕ ಕೂತು, ಅವರ ಶಾಲನ್ನು ಎದೆಯ ಹತ್ತಿರ ಹಿಡಿದು ಕುಲುಕಿದೆ. "ಮುತ್ತು ಕೊಡು. ಅಷ್ಟು ದೂರದಿಂದ ಬಂದಿದ್ದೇನೆ."

ಕತೆಯಂತೆ ರಾಜ "ನಿನಗೆ ಆ ಯೋಗ್ಯತೆ ಇಲ್ಲ" ಅನ್ನಬೇಕು. ಭಾವ ಅದನ್ನು ಹೇಳಲಿಲ್ಲ. ಸಣ್ಣ ಧ್ವನಿಯಲ್ಲಿ ಅಂದರು:

"ಗುರುಗಳೇ, ತಪ್ಪು ಕಡೆಗೆ ಬಂದಿರಿ. ನನ್ನ ಬಳಿ ಈಗ ರಾಜ್ಯ ಇಲ್ಲ. ಹೊರಗಿನವರಿಗೆ ಇನ್ನೂ ಗೊತ್ತಿಲ್ಲ. ನಿಮಗೂ ಗೊತ್ತಿರಲಿಕ್ಕಿಲ್ಲ."

ಕತೆಯಲ್ಲಿ ರಿಚರ್ಡನ ರಾಜ್ಯ ಎಲ್ಲಿಗೂ ಹೋಗಿರಲಿಲ್ಲ. ರೊಸಲಿನ್ ಬಾಯಿ ಗಾಬರಿಯಿಂದ ಕಾಕನನ್ನು ನೋಡಿದರು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಗೊತ್ತುಂಟು" ಅಂದೆ. "ಗೊತ್ತಿದ್ದೇ ಬಂದದ್ದು."

ಭಾವ ತಿರುಗಿ ನನ್ನನ್ನು ನೋಡಿದರು. ಕಣ್ಣು ತುಂಬಿತ್ತು. ನನ್ನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಹಣೆಗೆ ಮುತ್ತು ಕೊಟ್ಟರು. ಮೀಸೆ ಚುಚ್ಚಿತು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ನಾಟಕವೆಂದುಕೊಂಡು. ಅದು ಇಳಿದ ಮೇಲೆ ರಾಜ ಮಾತಾಡಬೇಕಿತ್ತು. ಭಾವನಿಗೆ ಧ್ವನಿ ಏಳಲಿಲ್ಲ. ಬಿಷಪ್ ಆದರೂ ಮಾತಾಡಬಹುದಿತ್ತು. ನನಗೂ ಏಳಲಿಲ್ಲ. ಇಬ್ಬರೂ ಶಾಲು ಹಿಡಿದುಕೊಂಡು ಹಾಗೇ ಕೂತಿದ್ದೆವು. ಕೊನೆಗೆ ಕಾಕ ನಮ್ಮನ್ನು ನೋಡಿ ಮಂಗಳ ಹಾಡಿ ಮುಗಿಸಿದರು.

ನವೆಂಬರ್ 18, ಶನಿವಾರ

ಅಕ್ಕ, ಭಾವ ರಾತ್ರಿ ಇಲ್ಲೇ ಉಳಿದರು. ಬೆಳಿಗ್ಗೆ ಶರ್ಮಿಳಾ ನೀರ್‌ದೋಸೆ ಹೊಯ್ಯುತ್ತಿದ್ದಳು, ಅಕ್ಕ ಅವಳಿಗೆ ಏನೋ ಹೇಳಿ ನಗಿಸುತ್ತಿದ್ದಳು. ನಾನು ಭಾವನಿಗೆ ನಮ್ಮ ಕಂಪೆನಿಯ ಕೆಲಸದ ವಿಷಯ ಹೇಳಿದೆ. ಜನವರಿಯವರೆಗೆ ಇಲ್ಲೇ ಇರಿ ಎಂದೆ. ಅವರು ಚಹಾದ ಲೋಟ ತಿರುಗಿಸುತ್ತ ಕೂತರು.

"ನಿನಗೆ ಯಾವಾಗಿಂದ ಗೊತ್ತು?"

"ಅಕ್ಟೋಬರ್‌ನಿಂದ. ಅಕ್ಕನಿಗೆ ಬಯ್ಯಬೇಡಿ."

"ಅಷ್ಟು ಮೊದಲೇ?" ಅಂದರು. ಲೋಟ ಕೆಳಗಿಟ್ಟರು. "ನಾನು ಮುಖ ತಿರುಗಿಸಿದಾಗ ಒಳ್ಳೆ ಜಾಗ ಇತ್ತಲ್ಲ ಮಾರಾಯ. ನಾನಾಗಿದ್ದರೆ ಬಿಡುತ್ತಿರಲಿಲ್ಲ. ನನ್ನ ಕೆಲಸದ ವಿಷಯ ಎತ್ತಿ ಯಾಕೆ ಚುಚ್ಚಲಿಲ್ಲ?"

"ನೆನಪಾಗಲಿಲ್ಲ ಭಾವ" ಅಂದೆ.

ಸುಳ್ಳಲ್ಲ. ನಿಜವಾಗಿಯೂ ನೆನಪಾಗಲಿಲ್ಲ. ಅಷ್ಟು ದಿನ ತಿದ್ದಿ ತೀಡಿ ಇಟ್ಟಿದ್ದ ಮಾತು ಸಮಯಕ್ಕೆ ಸರಿಯಾಗಿ ತಲೆಯಿಂದ ಹೇಗೆ ಹೋಯಿತೋ. ವಯಸ್ಸಾಗುತ್ತಾ ಬಂತು, ಅದೇ ಇರಬೇಕು.